ಬೇಯದ ಬೇಳೆ, ಕೆಂಪು ದೀಪ

ನನ್ನ ಗಂಡ ಶಿವಯೋಗಿ ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳುವ ಮಾತು ಒಂದೇ.

"ಇವತ್ತೂ ನಿನ್ನ ಕ್ಲಾಸು ಕೆಂಪ ಇತ್ತು ನೋಡು, ನೀಲಾ."

ಊರಿನ ಉಳಿದ ಹೆಂಗಸರ ಗಂಡಂದಿರು ಬಂದ ಕೂಡಲೇ ಚಹಾ ಕೇಳುತ್ತಾರೆ. ನನ್ನವರು ಜಿಲ್ಲೆಯ ಕಲಿಕಾ ನಿಯಂತ್ರಣ ಕೇಂದ್ರದಲ್ಲಿ ಕೆಲಸಕ್ಕಿದ್ದಾರೆ. ಹಾಗಾಗಿ ನನ್ನ ಮರ್ಯಾದೆಯನ್ನು ಬಣ್ಣದಲ್ಲಿ ಅಳೆದುಕೊಂಡು ಬರುತ್ತಾರೆ. ನಾನು ನೀಲಗಂಗಾ, ಬೇವಿನಾಳದ ಸರಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುವವಳು. ಗೋಡೆ ತುಂಬ ದೀಪಗಳಿರುವ ಆ ಕೇಂದ್ರದಲ್ಲಿ ನನ್ನ ತರಗತಿಯೂ ಒಂದು ದೀಪ. ಅದು ಹಸಿರಾಗಲು ಒಲ್ಲೆ ಎನ್ನುತ್ತಿತ್ತು.

ಬಾಯಿಪಾಠದ ಪದ್ಧತಿಯನ್ನು ಸರಕಾರ ಕಿತ್ತು ಹಾಕಿದಾಗ ಈ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವಳು ನಾನೇ. ಇನ್ನು ಮುಂದೆ ಪ್ರತಿ ತರಗತಿಯೂ ತನ್ನೂರಿನ ಒಂದು ನಿಜವಾದ ಸಮಸ್ಯೆಯನ್ನು ಹಿಡಿದುಕೊಳ್ಳಬೇಕು, ಮಕ್ಕಳೇ ಪ್ರಶ್ನೆ ಕೇಳಬೇಕು, ಮಕ್ಕಳೇ ಕಾರಣ ಹುಡುಕಬೇಕು, ಪಾಠ ಅದರ ಹಿಂದೆ ಬರಬೇಕು ಎಂದಿತು ಹೊಸ ನಿಯಮ. ಎಷ್ಟು ಚೆಂದದ ಮಾತು! ಆದರೆ ಮೇಲೆ ಕುಳಿತವರಿಗೆ ಸಂಶಯ ಬಂತು. ಮಕ್ಕಳು ನಿಜವಾಗಿ ಹುಡುಕುತ್ತಿದ್ದಾರೋ, ಸುಮ್ಮನೆ ನಟಿಸುತ್ತಿದ್ದಾರೋ ತಿಳಿಯುವುದು ಹೇಗೆ? ಆ ಸಂಶಯದಿಂದ ಹುಟ್ಟಿದ್ದು ಕುತೂಹಲ ಮಾಪಕ.

ಅದು ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ. ಮಕ್ಕಳು ಅದನ್ನು ಕಡಗ ಎನ್ನುತ್ತಾರೆ. ಅದರ ತತ್ತ್ವ ತಪ್ಪೇನಲ್ಲ, ನಾನೇ ಓದಿದ್ದೇನೆ. ನಮ್ಮ ಮಿದುಳು ಮುಂದೆ ಏನಾಗುತ್ತದೆ ಎಂದು ಸದಾ ಊಹಿಸುತ್ತಿರುತ್ತದೆ. ಊಹೆ ತಪ್ಪಿದ ಗಳಿಗೆಯಲ್ಲಿ ನಾಡಿ ಒಂದಿಷ್ಟು ತಡವರಿಸುತ್ತದೆ, ಚರ್ಮ ಸಣ್ಣಗೆ ಬೆವರುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ನಾಡಿ ಮತ್ತು ಬೆವರನ್ನು ಕಡಗ ಹಿಡಿಯುತ್ತದೆ, ಪಾಪೆಯನ್ನು ಕರಿಹಲಗೆಯ ಮೇಲಿನ ಕ್ಯಾಮೆರಾ ಹಿಡಿಯುತ್ತದೆ. ಮೂರನ್ನೂ ಕೂಡಿಸಿ ಕೇಂದ್ರದ ಯಂತ್ರ ಇಡೀ ತರಗತಿಗೆ ಒಂದು ಬಣ್ಣ ಕೊಡುತ್ತದೆ. ಸತತವಾಗಿ ಹತ್ತು ದಿನ ಕೆಂಪು ಬಂದರೆ ಆ ಸಮಸ್ಯೆಯಲ್ಲಿ ಮಕ್ಕಳಿಗೆ ಆಸಕ್ತಿ ಇಲ್ಲವೆಂದು ತಿಳಿದು ಯಂತ್ರ ಅದನ್ನು ಹಿಂದಕ್ಕೆ ಪಡೆಯುತ್ತದೆ.

ಇನ್ನು ನಮ್ಮ ಮಂದಿ! ಯಂತ್ರ ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರುವವರು. ಒಂದೇ ತಿಂಗಳಲ್ಲಿ ಪಕ್ಕದ ತರಗತಿಯ ಮಾಸ್ತರರು ಮೇಜಿನ ಖಾನೆಯಲ್ಲಿ ಬಲೂನು ಮತ್ತು ಟಾಚಣಿ ಇಟ್ಟುಕೊಂಡರು. ಮಕ್ಕಳು ಮಂಕಾದರೆಂದರೆ ಒಂದು ಬಲೂನು ಢಮ್ಮೆನ್ನಿಸುತ್ತಿದ್ದರು. ಇನ್ನೊಂದು ಊರಿನಲ್ಲಿ ಹಾವು ಹಿಡಿಯುವವನನ್ನು ಕರೆಸಿ ತ್ರಿಕೋನಮಿತಿ ಕಲಿಸಿದರಂತೆ. ಪೇಟೆಯಲ್ಲಿ ಕುತೂಹಲದ ಟ್ಯೂಷನ್ ಶುರುವಾಯಿತು. ತಾಯಂದಿರು ಸಂಜೆ ಗೇಟಿನ ಬಳಿ ನಿಂತು, "ಇವತ್ತ ನಿನಗ ಎಷ್ಟ ಸಲ ಆಶ್ಚರ್ಯ ಆತು?" ಎಂದು ಮಕ್ಕಳನ್ನು ವಿಚಾರಿಸತೊಡಗಿದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ನಮ್ಮ ತರಗತಿಯ ಸಮಸ್ಯೆಯನ್ನು ನಾನು ಆರಿಸಲಿಲ್ಲ, ಹೊಟ್ಟೆನೋವು ಆರಿಸಿತು. ಹೊಸ ವರ್ಷದ ಶಾಲೆ ತೆರೆದಾಗಿನಿಂದ ಬಿಸಿಯೂಟದ ಸಾರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ. ಎಷ್ಟು ಕುದಿಸಿದರೂ ನೀರು ಬೇರೆ, ಬೇಳೆ ಬೇರೆ. ಹಲ್ಲಿಗೆ ಸಿಕ್ಕರೆ ಕಟಕ್ ಎನ್ನುತ್ತಿತ್ತು. ಮಕ್ಕಳ ಹೊಟ್ಟೆ ಕೆಟ್ಟಿತು, ತಂದೆತಾಯಿಗಳು ದೂರು ಕೊಟ್ಟರು. ದೂರು ಬಿದ್ದದ್ದು ಅಡುಗೆಯ ಗೌರವ್ವನ ತಲೆಯ ಮೇಲೆ. ಗಂಡ ಸತ್ತ ಮೇಲೆ ಈ ಒಲೆಯನ್ನೇ ನಂಬಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ಹೆಂಗಸು. ಅವಳು ಗ್ಯಾಸ್ ಉಳಿಸಿ ಮನೆಗೆ ಒಯ್ಯುತ್ತಾಳೆ, ಅದಕ್ಕೇ ಬೇಗ ಒಲೆ ಆರಿಸುತ್ತಾಳೆ ಎಂದು ಊರೆಲ್ಲ ಗುಸುಗುಸು.

"ಬ್ಯಾಳಿನ ಸುಮಾರ ಐತ್ರೀ ಅಕ್ಕೋರ. ಹಳೇ ಸ್ಟಾಕು ಕಳಿಸ್ಯಾರ. ನಾ ಏನ್ ಮಾಡ್ಲಿ?" ಎಂದು ಗೌರವ್ವ ನನ್ನೆದುರು ಅತ್ತಳು.

ಶಾಲಾ ಸಮಿತಿಯ ಅಧ್ಯಕ್ಷ ಅಂದಾನಪ್ಪನವರು ಕೆಟ್ಟವರಲ್ಲ, ಆದರೆ ಕಾಗದ ಬಿಟ್ಟು ಕದಲುವವರಲ್ಲ. "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ," ಎಂದು ನಕ್ಕರು. ಆಮೇಲೆ ನನಗೆ ಹೇಳಿದರು, "ಮಕ್ಕಳು ತನಿಖೆ ಮಾಡಿ, ಕೇಂದ್ರ ಅದಕ್ಕ ಒಪ್ಪಿಗಿ ಕೊಟ್ರ ನಾವೂ ಒಪ್ಪತೀವ್ರೀ. ಇಲ್ಲಂದ್ರ ಅಡಗಿಯಾಕಿನ್ನ ಬದಲಿ ಮಾಡೂದ. ಈ ತಿಂಗಳ ಕಡೀ ಶನಿವಾರ ಮೀಟಿಂಗ್ ಐತಿ."

ಹೀಗೆ ನಮ್ಮ ತರಗತಿ ಬೇಳೆಯ ಹಿಂದೆ ಬಿತ್ತು. ಪ್ರಯೋಗಶಾಲೆ ಎಂಬ ಹೆಸರಿನ ಕೋಣೆಯಲ್ಲಿ ಒಂದು ಒಲೆ, ಒಂದು ಪಾತ್ರೆ, ಸುತ್ತ ಕಡಗ ಕಟ್ಟಿಕೊಂಡ ಮಕ್ಕಳು. ಮೊದಲ ಊಹೆ ಗೌರವ್ವನದೇ, ಬೇಳೆ ಹಳೆಯದು. ಮಕ್ಕಳು ಮನೆಯಿಂದ ಒಳ್ಳೆಯ ಬೇಳೆ ತಂದು ಬೇಯಿಸಿದರು. ಅದೂ ಬೇಯಲಿಲ್ಲ. ಅಂದರೆ ಶಾಲೆಯ ಬೇಳೆಯ ತಪ್ಪಿಲ್ಲ! ಸುದ್ದಿ ಮಧ್ಯಾಹ್ನದೊಳಗೆ ಅಂದಾನಪ್ಪನವರ ಕಿವಿಗೆ ಬಿತ್ತು. "ಬ್ಯಾಳಿ ಛಲೋ ಐತಿ ಅಂದಮ್ಯಾಲ ಅಡಗಿಯಾಕಿ ಕೈ ತಪ್ಪ ಅಲ್ಲೇನ್ರೀ?" ಎಂದರು. ಗೌರವ್ವನನ್ನು ಉಳಿಸಲು ಹೊರಟ ಮಕ್ಕಳು ಮೊದಲ ಹೆಜ್ಜೆಯಲ್ಲೇ ಅವಳ ಕಾಲಿನ ಮೇಲೆ ಕಲ್ಲು ಹಾಕಿದ್ದರು. ಅವಳು ಎರಡು ದಿನ ನಮ್ಮ ಕೋಣೆಯ ಕಡೆ ಮುಖ ಹಾಕಲಿಲ್ಲ.

ಎರಡನೆಯ ಊಹೆ ಪಾತ್ರೆಯದು. ಬದಲಿಸಿ ನೋಡಿದರು, ಬೇಯಲಿಲ್ಲ. ಮೂರನೆಯದು ಉಪ್ಪು. ಬಿಟ್ಟು ನೋಡಿದರು, ಬೇಯಲಿಲ್ಲ. ಒಂದೊಂದು ಸಲವೂ ಒಂದೂವರೆ ತಾಸು ಕುದಿಯುವ ಪಾತ್ರೆಯನ್ನು ನೋಡುತ್ತ ಕೂರಬೇಕು. ಮಕ್ಕಳು ಗಲ್ಲಕ್ಕೆ ಕೈ ಕೊಟ್ಟು ಕುಳಿತರು, ಆಕಳಿಸಿದರು, ಜಗಳಾಡಿದರು. ಅವರ ಕಡಗಗಳಿಗೆ ಅಳೆಯಲು ಏನೂ ಸಿಗಲಿಲ್ಲ. ದೀಪ ಕೆಂಪು, ಮತ್ತೆ ಕೆಂಪು.

ಕೇಂದ್ರದಿಂದ ಕರೆ ಬಂತು. ಬೈಸಿಕೊಳ್ಳಬೇಕಾಗುತ್ತದೆ ಎಂದು ಗೊತ್ತಿದ್ದೇ ಹೋದೆ. ಸಂಯೋಜಕಿ ಮಂದಾಕಿನಿ ಮೇಡಂ ನನ್ನನ್ನು ದೀಪಗಳ ಗೋಡೆಯ ಎದುರು ನಿಲ್ಲಿಸಿದರು. ಮೂಲೆಯಲ್ಲಿ ನನ್ನ ಗಂಡ ಕಂಪ್ಯೂಟರಿನೊಳಗೆ ಮುಖ ಹುದುಗಿಸಿ, ನನ್ನ ಪರಿಚಯವೇ ಇಲ್ಲದವರ ಹಾಗೆ ಕುಳಿತಿದ್ದರು. ಮೇಡಂ ಮೊದಲು ಒಂದು ಹಸಿರು ತರಗತಿಯನ್ನು ಪರದೆಯಲ್ಲಿ ತೋರಿಸಿದರು. ಮಾಸ್ತರರೊಬ್ಬರು ಟೋಪಿಯೊಳಗಿಂದ ಪಾರಿವಾಳ ತೆಗೆಯುತ್ತಿದ್ದರು, ಮಕ್ಕಳು ಹೋ ಎನ್ನುತ್ತಿದ್ದರು. ಪಾಠ ಯಾವುದೆಂದು ಕೇಳಿದೆ. ದ್ಯುತಿಸಂಶ್ಲೇಷಣೆ ಎಂದರು. ಆಮೇಲೆ ನನ್ನ ತರಗತಿಯನ್ನು ತೋರಿಸಿದರು.

"ಇದು ಕಲಿಕೆಯೇನಮ್ಮಾ? ಮಕ್ಕಳು ಸುಮ್ಮನೆ ಕೂತಿದ್ದಾರೆ."

"ಕಾಯ್ತಾ ಇದ್ದಾರೆ ಮೇಡಂ. ಬೇಳೆ ಬೇಯುತ್ತೋ ಇಲ್ಲವೋ ನೋಡಬೇಕಲ್ಲ."

"ಕಾಯೋದಕ್ಕೆ ನಮ್ಮಲ್ಲಿ ಅಂಕ ಇಲ್ಲ."

"ಮೇಡಂ, ಹುಡುಕೋದು ಅಂದರೇ ಮುಕ್ಕಾಲು ಪಾಲು ಕಾಯೋದು. ಬೇಸರ ಬರುತ್ತೆ, ಸಿಟ್ಟು ಬರುತ್ತೆ. ಆ ಬೇಸರದಲ್ಲೂ ಎದ್ದು ಹೋಗದೆ ಕೂತಿದ್ದಾರಲ್ಲ, ಅದನ್ನು ನಿಮ್ಮ ಯಂತ್ರ ನೋಡೋದಿಲ್ಲವೇ?"

"ಯಂತ್ರ ಸುಳ್ಳು ಹೇಳೋದಿಲ್ಲ," ಎಂದರು ಮೇಡಂ, ತಾಳ್ಮೆಯಿಂದ. ಆ ತಾಳ್ಮೆಯೇ ನನ್ನ ಮೈ ಉರಿಸಿತು. ಕೆಂಪು ದಿನಗಳು ಹತ್ತಾಗಲು ಇನ್ನು ಎರಡೇ ಉಳಿದಿವೆ ಎಂದು ಎಚ್ಚರಿಸಿ ಕಳಿಸಿದರು. ನಾನು ಬಂದು ಮಕ್ಕಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

ಮರುದಿನ ಸಂಜೆ ಶಿವಯೋಗಿ ಧಾರವಾಡ ಪೇಢೆಯ ಪೊಟ್ಟಣ ಹಿಡಿದು ಬಂದರು. "ಹಸಿರು! ನೀಲಾ, ಏನ್ ಮಾಡಿದಿ? ಇಡೀ ದಿನ ಹಸಿರು!"

ನಾನು ಏನೂ ಮಾಡಿರಲಿಲ್ಲ. ಅದೇ ಒಲೆ, ಅದೇ ಪಾತ್ರೆ. ಮರುದಿನ ಕಣ್ಣಿಟ್ಟು ನೋಡಿದಾಗ ಗೊತ್ತಾಯಿತು. ಮೈಮುನಾ ಎಂಬ ಚುರುಕು ಹುಡುಗಿ ಸರದಿ ಮಾಡಿಕೊಟ್ಟಿದ್ದಳು. ಒಬ್ಬರು ಬೇಳೆ ನೋಡುವುದು, ಪಕ್ಕದವರು ಬೆಂಚಿನ ಕೆಳಗಿನಿಂದ ಅವರನ್ನು ಚಿವುಟುವುದು! ನೋವಿಗೂ ನಾಡಿ ತಡವರಿಸುತ್ತದೆ, ಪಾಪೆ ಅಗಲವಾಗುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಅವಳ ಪಕ್ಕ ಕುಳಿತ ಹುಡುಗ ಫಕ್ಕೀರೇಶನ ತೋಳು ಹಿಡಿದು ಅಂಗಿ ಸರಿಸಿದೆ. ಉದ್ದಕ್ಕೂ ಕೆಂಪು ಗುರುತು.

"ಸಮಸ್ಯೆ ಕಸಕೊಂತಾರ ಅಂದ್ರೆಲ್ರೀ ಅಕ್ಕೋರ," ಎಂದ ಅವನು. "ಗೌರವ್ವಾಯಿ ಕೆಲಸ ಹೋಗತೈತಿ. ಚೂಟಿದ್ರ ಏನಾಕ್ಕೈತಿ ಬಿಡ್ರೀ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಾಠ ಕಲಿಯಲು ಅವಕಾಶ ಸಿಗಲಿ ಎಂದು ಮಕ್ಕಳು ಮೈ ಚಿವುಟಿಸಿಕೊಳ್ಳುವ ಕಾಲ ಬಂದಿತ್ತು. ಬಾಯಿಪಾಠದ ದಿನಗಳಲ್ಲಿ ಮಾಸ್ತರರು ಹೊಡೆಯುತ್ತಿದ್ದರು, ಈಗ ಮಕ್ಕಳೇ ಆ ಕೆಲಸ ವಹಿಸಿಕೊಂಡಿದ್ದಾರೆ. ನಾನು ಗದರಿ ನಿಲ್ಲಿಸಿದೆ. ಇನ್ನೊಮ್ಮೆ ಚಿವುಟಿದರೆ ಒಲೆಯನ್ನೇ ಎತ್ತಿಡುತ್ತೇನೆ ಎಂದೆ. ದೀಪ ಮತ್ತೆ ಕೆಂಪಾಯಿತು, ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಆದರೂ ಚಿವುಟಿಸಿಕೊಂಡದ್ದಕ್ಕೆ ಅವರಿಗೆ ಕೆಲವು ದಿನಗಳು ಸಿಕ್ಕಿದ್ದವು.

ಆ ದಿನಗಳಲ್ಲಿ ಅವರು ಇನ್ನಷ್ಟು ಗೊಂದಲಕ್ಕೆ ಬಿದ್ದರು. ಶಾಲೆಯ ಬೇಳೆಯನ್ನು ಮೈಮುನಾ ಮನೆಗೆ ಒಯ್ದು ಬೇಯಿಸಿದಳು, ಬೆಣ್ಣೆಯ ಹಾಗೆ ಬೆಂದಿತು. ಫಕ್ಕೀರೇಶ ಅದೇ ಚೀಲದ ಬೇಳೆಯನ್ನು ಒಯ್ದ, ಬೇಯಲಿಲ್ಲ. "ನಿಮ್ಮವ್ವಗೂ ಅಡಗಿ ಬರಂಗಿಲ್ಲೇನೋ?" ಎಂದು ಯಾರೋ ಅಂದರು. ಫಕ್ಕೀರೇಶ ಅಂದವನ ಅಂಗಿ ಹರಿದ. ಅವರಿಬ್ಬರನ್ನು ಬಿಡಿಸುವಷ್ಟರಲ್ಲಿ ನನಗೂ ಸಾಕಾಗಿ, ಉತ್ತರವನ್ನು ನಾನೇ ಹೇಳಿಬಿಡಲೇ ಎನ್ನಿಸಿತು. ಕಾರಣ ಏನಿರಬಹುದೆಂದು ನನಗೆ ಅನುಮಾನವಿತ್ತು. ಹೇಳಿದ್ದರೆ ಒಂದೇ ನಿಮಿಷದ ಕೆಲಸ. ತುಟಿ ಕಚ್ಚಿಕೊಂಡು, "ಎರಡು ಮನಿ ನಡುವ ಏನೇನ ಬ್ಯಾರೆ ಐತಿ? ಒಂದೊಂದ ಬದಲಿ ಮಾಡ್ರಿ. ಉಳಿದದ್ದು ಹಂಗ ಇರ್ಲಿ," ಎಂದಷ್ಟೇ ಹೇಳಿದೆ.

ಮೈಮುನಾ ತನ್ನ ಮನೆಯ ಪಾತ್ರೆ, ತನ್ನ ಮನೆಯ ಸ್ಟೋವು ಹೊತ್ತುಕೊಂಡು ಫಕ್ಕೀರೇಶನ ಮನೆಗೆ ಹೋಗಿ ತನ್ನ ಕೈಯಾರೆ ಬೇಯಿಸಿದಳು. ಬೇಯಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ನನಗಿಂತ ಮೊದಲೇ ಶಾಲೆಯ ಗೇಟಿನಲ್ಲಿ ನಿಂತಿದ್ದರು.

"ನೀರ್ರೀ ಅಕ್ಕೋರ! ನಮ್ಮನಿಗೆ ನದಿ ನಳ ಬರತೈತಿ. ಇವರ ಓಣಿಗೆ ಹೊಸಾ ಬೋರಿನ ನೀರು. ಸಾಲಿಗೂ ಈ ವರ್ಸದಿಂದ ಅದ ನೀರು!" ಎಂದಳು ಮೈಮುನಾ.

ಪರೀಕ್ಷಿಸಿದರು. ಬೋರಿನ ನೀರಿನಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. ಕುದಿಸಿ ಇಳಿಸಿದರೆ ಪಾತ್ರೆಯ ತಳಕ್ಕೆ ಬಿಳಿಯ ಸುಣ್ಣ. ಆಗ ನಾನು ಪಾಠ ತೆಗೆದೆ. ಬೇಳೆಯ ಕಣಕಣವನ್ನು ಹಿಡಿದಿಟ್ಟಿರುವುದು ಒಂದು ಬಗೆಯ ಅಂಟು. ಕುದಿಯುವಾಗ ಅದು ಕರಗಿದರೆ ಬೇಳೆ ಮೆತ್ತಗಾಗುತ್ತದೆ. ಗಡಸು ನೀರಿನ ಸುಣ್ಣದಂಶ ಆ ಅಂಟನ್ನು ಹಿಡಿದು ಇನ್ನಷ್ಟು ಗಟ್ಟಿ ಮಾಡುತ್ತದೆ. ಇಷ್ಟು ವರ್ಷ ಕಲಿಸಿದ್ದೇನೆ, ನಾನು ಬಾಯಿ ತೆರೆಯುವ ಮೊದಲೇ ಇಡೀ ತರಗತಿ ಹೀಗೆ ನನ್ನ ಕಡೆ ವಾಲಿದ್ದನ್ನು ನೋಡಿರಲಿಲ್ಲ. ದೀಪ ಮಾತ್ರ ಅಂದೂ ಕೆಂಪೇ.

ಶುಕ್ರವಾರ ಕೊನೆಯ ಪ್ರಯೋಗ. ಹೊಸ ಎಣಿಕೆಯ ಹತ್ತನೆಯ ದಿನವೂ ಅದೇ ಆಗಿತ್ತು. ಎರಡು ಪಾತ್ರೆ, ಒಂದೇ ಚೀಲದ ಬೇಳೆ, ಒಂದೇ ಉರಿ. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ನಳದ ನೀರು. ನಳದ ನೀರಿನದು ಬೇಯುತ್ತದೆ ಎಂದು ಮಕ್ಕಳೆಲ್ಲ ಮೊದಲೇ ಕರಿಹಲಗೆಯ ಮೇಲೆ ಬರೆದಿಟ್ಟರು. ಗೌರವ್ವ ಬಾಗಿಲಲ್ಲಿ ನಿಂತಿದ್ದಳು. ಯಾರೂ ಆಕಳಿಸಲಿಲ್ಲ, ಯಾರಿಗೂ ಚಿವುಟುವ ನೆನಪೂ ಆಗಲಿಲ್ಲ. ಸಮಯವಾದ ಮೇಲೆ ಮೈಮುನಾ ನಳದ ನೀರಿನ ಪಾತ್ರೆಯಿಂದ ನಾಲ್ಕು ಕಾಳು ತೆಗೆದು ಬೆರಳಲ್ಲಿ ಒತ್ತಿದಳು. ಬೇಳೆ ಕರಗಿ ಹೋಯಿತು. ಇನ್ನೊಂದರದು ಹಾಗೇ ಕಲ್ಲು. ಮಕ್ಕಳು ಕೂಗಲಿಲ್ಲ. ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು, ಅಷ್ಟೇ. ಅವರಿಗೆ ಗೊತ್ತಿತ್ತು, ಗೊತ್ತಿದ್ದ ಹಾಗೇ ಆಯಿತು.

ಕೇಂದ್ರದ ತೀರ್ಪು ಬರುವ ಗೋಡೆಯ ಪರದೆ ಟಿಣ್ ಎಂದಿತು. "ಕುತೂಹಲ ಕಂಡುಬಂದಿಲ್ಲ. ತನಿಖೆ ಅಪೂರ್ಣ. ಸಮಸ್ಯೆಯನ್ನು ಹಿಂಪಡೆಯಲಾಗಿದೆ."

ಆ ಸಂಜೆ ಶಿವಯೋಗಿ ಬಾಯಿ ತೆರೆಯುವ ಮೊದಲೇ ನಾನು ಹರಿಹಾಯ್ದೆ. "ಕೈಯಿಂದ ಹಸಿರು ಮಾಡ್ರಿ! ನಾಳೆ ಮೀಟಿಂಗ್ ಐತಿ."

"ಆಗೂದಿಲ್ಲ ನೀಲಾ. ಯಾರ ಕೈಯಾಗೂ ಇಲ್ಲ ಅದು. ಇಡೀ ಯಂತ್ರದಾಗ ಇವತ್ತಿನಷ್ಟು ಸಪಾಟ ಗೆರಿ ನಾ ನೋಡೇ ಇಲ್ಲ. ಹುಡುಗೂರಿಗೆ ಮೊದಲ ಗೊತ್ತಿತ್ತಲ್ಲ, ಊಹೆ ತಪ್ಪಲಿಲ್ಲ. ತಪ್ಪಲಿಲ್ಲ ಅಂದಮ್ಯಾಲ ಆಶ್ಚರ್ಯ ಎಲ್ಲಿಂದ ಬರಬೇಕು?"

"ಊಹೆ ತಪ್ಪದ ಹಂಗ ಆಗೂದಕ್ಕ ಕಲಿಯೂದು ಅಂತಾರ್ರೀ! ಅವರು ಕಲಿತ ಗಳಿಗಿನ್ನ ನಿಮ್ಮ ಯಂತ್ರ ಸೊನ್ನಿ ಅಂತೈತಿ!"

ಅವರು ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿದು ಹಾಗೇ ಇಟ್ಟರು. "ನೀ ಹೇಳೂದು ಖರೆ," ಎಂದರು ಕೊನೆಗೆ. "ಆದರ ಅದನ್ನ ಯಾರಿಗೆ ಹೇಳ್ಬೇಕು ನನಗ ಗೊತ್ತಿಲ್ಲ." ನನಗೆ ಅವರ ಮೇಲಿನ ಸಿಟ್ಟೂ ಉಳಿಯಲಿಲ್ಲ. ಸಿಟ್ಟು ಮಾಡಿಕೊಳ್ಳಲು ಯಾರಾದರೊಬ್ಬರು ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಶನಿವಾರ ಸಮಿತಿ ನಮ್ಮ ಕೋಣೆಯಲ್ಲೇ ಸೇರಿತು. ಬೆಳಿಗ್ಗೆಯೇ ಮಕ್ಕಳು ಮೈಮುನಾಳ ಓಣಿಯಿಂದ ನಳದ ನೀರನ್ನು ಕೊಡದಲ್ಲಿ ಹೊತ್ತು ತಂದಿದ್ದರು. ಗೌರವ್ವ ಅದೇ ಶಾಲೆಯ ಬೇಳೆಯಿಂದ ಸಾರು ಮಾಡಿದ್ದಳು. ಕಡಗ ಕಟ್ಟಿಕೊಂಡ ಮಕ್ಕಳು ಗೋಡೆಗುಂಟ ನಿಂತು ನೋಡುತ್ತಿದ್ದರು. ಅಂದಾನಪ್ಪನವರು ಮತ್ತು ಸದಸ್ಯರು ಉಂಡರು. ಅಂದಾನಪ್ಪನವರು ಎರಡನೆಯ ಸಲ ಸಾರು ಹಾಕಿಸಿಕೊಂಡರು.

"ಬ್ಯಾಳಿ ಅಗದೀ ಬರೋಬ್ಬರಿ ಬೆಂದೈತಿ," ಎಂದರು. ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಫಕ್ಕೀರೇಶ ಮುಂದೆ ಬಂದು ಎಲ್ಲವನ್ನೂ ವಿವರಿಸಿದ. ಒಂದು ಕಡೆಯೂ ತೊದಲಲಿಲ್ಲ.

ಅಂದಾನಪ್ಪನವರು ಕೈ ತೊಳೆದು, ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಪರದೆಯ ಕಡೆ ನೋಡಿದರು.

"ಭಾರೀ ಹೇಳಿದಿ ತಮ್ಮಾ. ಆದರ ಕೇಂದ್ರದವರು ತನಿಖೆ ಅಪೂರ್ಣ ಅಂದಾರ. ಅಪೂರ್ಣ ಅಂದಮ್ಯಾಲ ಕಾರಣ ಸಿಕ್ಕಿಲ್ಲ ಅಂತ ಆತು. ಕಾರಣ ಸಿಕ್ಕಿಲ್ಲ ಅಂದ್ರ ನೀರಿನ ಮ್ಯಾಲ ನಾ ಹೆಂಗ ಬರೀಲಿ? ದೂರು ಇರೂದು ಗೌರವ್ವನ ಮ್ಯಾಲ." ಅವರು ಅವಳ ಕಡೆ ನೋಡಲಿಲ್ಲ. "ಸೋಮಾರದಿಂದ ಹೊಸಬರು ಬರ್ತಾರ. ಬ್ಯಾಸರ ಮಾಡ್ಕೋಬ್ಯಾಡವಾ."

"ಹೊಸಾಕಿನೂ ಬೋರಿನ ನೀರಾಗ ಬೇಯಿಸ್ತಾಳ್ರೀ! ಆಕಿ ಬ್ಯಾಳಿನೂ ಬೇಯಂಗಿಲ್ಲ!" ಎಂದು ನಾನು ಕೂಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

"ಅದಕ್ಕ ಮತ್ತ ಬ್ಯಾರೆ ದೂರು ಬರ್ತೈತಿ ಬಿಡ್ರೀ ಮೇಡಂ," ಎಂದು ಅವರು ಸಹಿ ಹಾಕಿದರು.

ಮಕ್ಕಳು ಅಂದಾನಪ್ಪನವರ ತೊಳೆದ ಕೈಯನ್ನು, ಖಾಲಿಯಾದ ತಾಟನ್ನು, ಸಹಿಯನ್ನು ಒಂದೊಂದಾಗಿ ನೋಡುತ್ತಿದ್ದರು. ಬೇಳೆ ಬೆಂದರೆ ಗೌರವ್ವ ಉಳಿಯುತ್ತಾಳೆ ಎಂದು ಅವರೆಲ್ಲರೂ ಊಹಿಸಿದ್ದರು. ಆ ಊಹೆಯ ಮೇಲೆ ಒಬ್ಬರಿಗೂ ಅನುಮಾನವಿರಲಿಲ್ಲ.

ಆಗ ಪರದೆ ಬೆಳಗಿತು. ನಾನು ಎಂದೂ ಕಾಣದ ಕಡು ಹಸಿರು ಇಡೀ ಗೋಡೆಗೆ ಹರಡಿತು. "ಅಭಿನಂದನೆಗಳು! ಈ ತರಗತಿಯ ಕುತೂಹಲ ಇಂದು ಜಿಲ್ಲೆಯಲ್ಲೇ ಅತ್ಯಧಿಕ. ಹೊಸ ಸಮಸ್ಯೆಯನ್ನು ದಾಖಲಿಸಿ."

ಅಂದಾನಪ್ಪನವರು ಚಪ್ಪಾಳೆ ತಟ್ಟಿದರು. ನನ್ನ ಫೋನು ಬಡಿದುಕೊಂಡಿತು, ಶಿವಯೋಗಿ. "ನೀಲಾ, ಏನ್ ತೋರಿಸಿದಿ ಹುಡುಗೂರಿಗೆ? ಗೆರಿ ಮ್ಯಾಲಿನ ಅಂಚ ದಾಟಿ ಹೋಗೇತಿ! ಮಂದಾಕಿನಿ ಮೇಡಂ ಎದ್ದ ನಿಂತಾರ!"

ಫೋನು ಇಟ್ಟುಬಿಟ್ಟೆ. ಗೌರವ್ವ ಆಗಲೇ ಉಂಡ ತಾಟುಗಳನ್ನು ಎತ್ತಿಕೊಂಡು ಹೊರಗೆ ಹೋಗಿದ್ದಳು. ಮಕ್ಕಳಲ್ಲಿ ಯಾರೂ ಅಳಲಿಲ್ಲ. ಮೈಮುನಾ ನೇರ ಪರದೆಯ ಬಳಿ ಹೋಗಿ, ಯಾರನ್ನೂ ಕೇಳದೆ ಹೊಸ ಸಮಸ್ಯೆಯನ್ನು ಒಂದೊಂದೇ ಅಕ್ಷರ ಒತ್ತಿ ಬರೆದಳು.

"ಬೆಂದ ಬೇಳೆಯನ್ನು ಉಂಡವರು ಬೇಳೆ ಬೆಂದಿಲ್ಲ ಎಂದು ಯಾಕೆ ಸಹಿ ಮಾಡುತ್ತಾರೆ?"

ಯಂತ್ರ ಒಪ್ಪಿಕೊಂಡಿತು. ಅದರ ಕೆಳಗೆ ಇನ್ನೊಂದು ಸಾಲು ಮೂಡಿತು. ಉತ್ತರ ಹುಡುಕಲು ಎಷ್ಟು ದಿನ ಬೇಕು?

ಮೈಮುನಾ ನನ್ನ ಕಡೆ ತಿರುಗಿದಳು. "ಏನ್ ಬರೀಲ್ರೀ ಅಕ್ಕೋರ?"

ಈ ಸಲ ನನಗೂ ಗೊತ್ತಿರಲಿಲ್ಲ. "ಖಾಲಿ ಬಿಡವಾ," ಎಂದೆ.